ದಿನಕ್ಕೆ 24 ಕಿ.ಮೀ. ಜಾಸ್ತಿಯಾಗುತ್ತಾ?

ಐದು ದಿನದ ಹಳ್ಳಿಗಾಡಿನ ನಡಿಗೆ, ದಿನಕ್ಕೆ 24 ಕಿ.ಮೀ., ಐದು ತಾಸಲ್ಲಿ ಮುಗಿಯುತ್ತಲ್ಲವೇ ಎಂದು ಕೇಳಿದ್ದೀರಿ. ಕಷ್ಟ ಇದೆ.

ನಿಮ್ಮದು ಸಮತಟ್ಟು ನೆಲದ ಲೆಕ್ಕ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವನ್ನು ಚಾರಣಿಗರು ಈಗಲೂ ಬಳಸುತ್ತಾರೆ: 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ ಎರಡನೇ ದಿನ 900 ಮೀಟರ್ ಏರು ಇದೆಯಂತಲ್ಲ, ಅಲ್ಲಿಗೆ ಸುಮಾರು ಆರೂಕಾಲು ತಾಸು ಬರೀ ನಡಿಗೆಗೇ ಆಯಿತು. ಊಟ, ವಿಶ್ರಾಂತಿ, ದಾರಿ ತಪ್ಪಿ ವಾಪಸ್ ಬರೋದು (ಅದಂತೂ ಇದ್ದದ್ದೇ) ಇದರಲ್ಲಿ ಸೇರಿಲ್ಲ. ಬೆನ್ನ ಮೇಲಿನ ಭಾರವೂ ಸೇರಿಲ್ಲ.

ರಜೆ ಸಿಕ್ಕರೆ ಆರು ದಿನ ಮಾಡಿಕೊಳ್ಳಿ. ಮೊದಲೆರಡು ದಿನ ತಲಾ 16, ಆಮೇಲೆ 22ರಂತೆ ನಡೆದರೂ ಅದೇ 120 ಕಿ.ಮೀ. ಕಾಲು ಪಳಗಲು ಸಮಯ ಸಿಗುತ್ತೆ.

ಬೊಬ್ಬೆಯ ವಿಷಯ: ಪಾದದಲ್ಲಿ ಉರಿ ಶುರುವಾದ ಕೂಡಲೇ ನಿಂತು ಟೇಪ್ ಹಾಕಿ. ಸಂಜೆ ನೋಡೋಣ ಅಂದರೆ ಅಷ್ಟೊತ್ತಿಗೆ ಬೊಬ್ಬೆ ಎದ್ದಿರುತ್ತೆ. ಹತ್ತಿ ಕಾಲುಚೀಲ ಬೇಡ, ಬೆವರು ಹಿಡಿದಿಟ್ಟುಕೊಳ್ಳುತ್ತೆ. ಹೊಸ ಶೂ ಅಂದಿರಿ, ಅದನ್ನು ಈ ವಾರದಿಂದಲೇ ಹಾಕಿಕೊಂಡು ಓಡಾಡಿ.