ಭಾವ, ಭಾಮೈದ ಮತ್ತು ಹತ್ತು ಪಾಯಿಂಟ್

(ಇಬ್ಬರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಹತ್ತಿರ ಮೊದಲು ಬಂದದ್ದು ಜಗಳವಾಡಿದ ಇಬ್ಬರೂ ಅಲ್ಲ, ಅವರ ನಡುವೆ ಸಿಕ್ಕಿಕೊಂಡ ಹೆಣ್ಣುಮಗಳು. ಗಂಡ ಊರಿನ ಕ್ವಿಜ್ ಲೀಗ್‌ನಲ್ಲಿ ಕ್ವಿಜ್ ಮಾಸ್ಟರ್. ತಮ್ಮ ಅದೇ ಲೀಗ್‌ನ ಒಂದು ತಂಡಕ್ಕೆ ಕ್ಯಾಪ್ಟನ್. ಫೈನಲ್ ಆದಮೇಲೆ ಇಬ್ಬರಿಗೂ ಮಾತಿಲ್ಲ. "ಪ್ರತಿ ವರ್ಷ ಗೌರಿ ಹಬ್ಬಕ್ಕೆ ಬಾಗಿನ ಹಿಡ್ಕೊಂಡು ಅವನೇ ಬರ್ತಿದ್ದ ಮೇಡಂ. ಈ ಸಲ ಫೋನ್‌ಪೇನಲ್ಲಿ ದುಡ್ಡು ಹಾಕಿದ್ದಾನೆ" ಎಂದರು. ನಗು ಬರುವಂಥ ವಿಷಯ ಅನ್ನಿಸಬಹುದು. ಅವರು ನಗುತ್ತಿರಲಿಲ್ಲ.

ಗಲಾಟೆಗೆ ಕಾರಣ ಒಂದೇ ಪ್ರಶ್ನೆ: ಕರ್ನಾಟಕದ ಮೊದಲ ಮುಖ್ಯಮಂತ್ರಿ ಯಾರು? ಭಾಮೈದನ ತಂಡ ಎಸ್. ನಿಜಲಿಂಗಪ್ಪ ಅಂದಿತು. ಭಾವ "ತಪ್ಪು" ಎಂದು ಮುಂದಿನ ತಂಡಕ್ಕೆ ಪಾಸ್ ಮಾಡಿದರು. ಆ ತಂಡ ಕೆ.ಸಿ. ರೆಡ್ಡಿ ಅಂದಿತು, ಹತ್ತು ಪಾಯಿಂಟ್ ತಗೊಂಡಿತು, ಕಪ್ಪೂ ಗೆದ್ದಿತು. ಭಾಮೈದ ಎದ್ದು ನಿಂತು ಕೇಳಿದಾಗ "ಕ್ವಿಜ್ ಮಾಸ್ಟರ್ ಹೇಳಿದ್ದೇ ಫೈನಲ್, ಕೂತ್ಕೋ" ಎಂಬ ಉತ್ತರ ಬಂತು. ರಾತ್ರಿ ವಾಟ್ಸಾಪ್ ಗ್ರೂಪಿನಲ್ಲಿ ಸ್ಕ್ರೀನ್‌ಶಾಟ್‌ಗಳ ಸುರಿಮಳೆ. ಬೆಳಗಾಗುವಷ್ಟರಲ್ಲಿ ಭಾವ ಗ್ರೂಪ್ ಬಿಟ್ಟಿದ್ದರು.

ಇಲ್ಲಿ ಯಾರು ಸರಿ? ರೆಡ್ಡಿಯವರು 1947ರ ಅಕ್ಟೋಬರ್‌ನಲ್ಲಿ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಯಾದರು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಆ ಕುರ್ಚಿಯಲ್ಲಿ ಕೂತವರು ನಿಜಲಿಂಗಪ್ಪ. ಆದರೆ ಆಗಲೂ ರಾಜ್ಯದ ಹೆಸರು ಮೈಸೂರೇ. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ, ಆಗ ಮುಖ್ಯಮಂತ್ರಿ ದೇವರಾಜ ಅರಸು. ಅಂದರೆ ಮೂರನೇ ತಂಡವೊಂದು ಅರಸು ಅಂದಿದ್ದರೂ ಅದನ್ನು ಸುಮ್ನೆ ತಳ್ಳಿಹಾಕುವಂತಿರಲಿಲ್ಲ. ಪ್ರಶ್ನೆಯೇ ಸೊಟ್ಟ. 'ಮೊದಲ' ಅಂತ ಶುರುವಾಗುವ ಪ್ರಶ್ನೆಗಳಲ್ಲಿ ಈ ಕಾಟ ಜಾಸ್ತಿ.

ಆದರೂ ಬರೀ ಪ್ರಶ್ನೆ ಸೊಟ್ಟ ಅನ್ನೋದಕ್ಕೆ ಯಾರೂ ಬಾಗಿನ ನಿಲ್ಲಿಸಲ್ಲ, ಅಲ್ವಾ? ಹಾಗಾಗಿ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಿದೆ.

ಭಾವ ತುಂಬ ಹೊತ್ತು ನಿಯಮದ ಬಗ್ಗೆಯೇ ಮಾತಾಡಿದರು. ಕೊನೆಗೆ ಬಾಯಿಬಿಟ್ಟರು: "ನಿಜಲಿಂಗಪ್ಪ ಅಂದ ತಕ್ಷಣ ನನಗೂ ಹೊಳೆಯಿತು ಮೇಡಂ. ಆದರೆ ಪಾಯಿಂಟ್ ಕೊಟ್ಟಿದ್ದರೆ ಇಡೀ ಹಾಲ್ ಏನನ್ನುತ್ತಿತ್ತು? ಭಾಮೈದನಿಗೆ ಕೊಟ್ಟ ಅನ್ನುತ್ತಿತ್ತು." ಹೊರಗಿನವರ ತಂಡವಾಗಿದ್ದರೆ ಎರಡೂ ಉತ್ತರ ಒಪ್ಪುತ್ತಿದ್ದರಂತೆ. ಪಕ್ಷಪಾತದ ಮಾತು ಬರಬಾರದು ಅಂತ ಮನೆಯವನಿಗೇ ಅನ್ಯಾಯ ಮಾಡಿದ್ದರು. ಇಂಥದ್ದು ನಮ್ಮ ಮನೆಗಳಲ್ಲಿ ಹೊಸದಲ್ಲ. ತಾನು ಪಾಠ ಮಾಡುವ ಕ್ಲಾಸಿನಲ್ಲೇ ಮಗ ಓದುತ್ತಿದ್ದರೆ ಮೊದಲ ಏಟು ಅವನಿಗೇ ಬೀಳುತ್ತಿತ್ತಲ್ಲ, ಹಾಗೆ.

ಭಾಮೈದನಿಗೆ ಪಾಯಿಂಟ್ ಹೋಗಿದ್ದಕ್ಕಿಂತ "ಕೂತ್ಕೋ" ಚುಚ್ಚಿತ್ತು. "ಮನೇಲಿ ಭಾವ ಏನಂದ್ರೂ ನಾನು ಎದುರು ಮಾತಾಡಿಲ್ಲ. ಅಷ್ಟು ಜನರ ಮುಂದೆ ಹುಡುಗನ ಥರ ಕೂರಿಸಿಬಿಟ್ಟರು." ಅವನಿಗೀಗ ನಲವತ್ತು ದಾಟಿದೆ.

ಭಾವನಿಗೆ ನಾನು ಹೇಳಿದ್ದು: ಕ್ಷಮೆ ಕೇಳುವುದಾದರೆ ಆ "ಕೂತ್ಕೋ"ಗೆ ಕೇಳಿ, ತೀರ್ಪಿಗೆ ಬೇಡ. ತೀರ್ಪಿನ ಬಗ್ಗೆ "ಪ್ರಶ್ನೆ ತಪ್ಪಿತ್ತು, ವರ್ಷ ಹೇಳಬೇಕಿತ್ತು" ಎಂದು ಗ್ರೂಪಿನಲ್ಲೇ ಒಂದು ಸಾಲು ಬರೆಯಿರಿ. ಹಾಲ್‌ನಲ್ಲಿ ಕೇಳಿಸಿಕೊಂಡವರೆಲ್ಲ ಓದಲಿ. ಭಾಮೈದನಿಗೆ ಕಹಿ ಮಾತೇ ಹೇಳಬೇಕಾಯಿತು. ಕಪ್ ಕೇಳಬೇಡಿ. ಗೆದ್ದ ತಂಡ ಏನೂ ಮೋಸ ಮಾಡಿಲ್ಲ, ಅವರು ಕೊಟ್ಟ ಉತ್ತರಕ್ಕೂ ಆಧಾರ ಇದೆ. ಮನೆ ಸರಿಮಾಡಲು ಹೋಗಿ ಅವರಿಗೆ ಅವಮಾನ ಮಾಡಬಾರದು. ಸ್ಕ್ರೀನ್‌ಶಾಟ್ ಹಾಕಿದ ಮೇಲೆ "ಭಾವ ಅಂತ ಸುಮ್ಮನಿದ್ದೀನಿ" ಎಂದು ಬರೆದ ಸಾಲನ್ನು ನೀವೂ ವಾಪಸ್ ತಗೊಳ್ಳಿ.

ಆಮೇಲೆ ಇಬ್ಬರನ್ನೂ ಎದುರುಬದುರು ಕೂರಿಸಿ, ಒಬ್ಬರ ಉತ್ತರದ ಪರವಾಗಿ ಇನ್ನೊಬ್ಬರು ವಾದಿಸಬೇಕು ಎಂದೆ. ಭಾವ ನಿಜಲಿಂಗಪ್ಪನವರ ಪರ ಎಷ್ಟು ಚೆನ್ನಾಗಿ ಮಾತಾಡಿದರೆಂದರೆ, ಭಾಮೈದ "ಭಾವ, ಇದನ್ನೇ ಅವತ್ತು ಹೇಳಬಾರದಿತ್ತಾ?" ಎಂದ. ಇಬ್ಬರ ಮುಖವೂ ಸಡಿಲವಾಗಿದ್ದು ಆಗಲೇ.

ಲೀಗ್‌ಗೆ ಒಂದಿಷ್ಟು ನಿಯಮಗಳನ್ನು ಅವರಿಬ್ಬರೇ ಕೂತು ಬರೆಯಲಿ ಅಂದೆ. ಬರೆದರು. ಆಕ್ಷೇಪ ಎತ್ತಬೇಕಾದವರು ಕ್ಯಾಪ್ಟನ್ ಮಾತ್ರ, ಅದೂ ಆ ಸುತ್ತು ಮುಗಿಯುವ ಮುಂಚೆ, ಚೀಟಿಯಲ್ಲಿ. ತೀರ್ಮಾನ ಮಾಡುವವರು ಯಾವ ತಂಡಕ್ಕೂ ಸೇರದ ಇಬ್ಬರು. ಕ್ವಿಜ್ ಮಾಸ್ಟರ್ ತಾವು ಏನು ಆಧಾರ ಇಟ್ಟುಕೊಂಡು ಪ್ರಶ್ನೆ ಮಾಡಿದರು ಅಂತ ಹೇಳಬಹುದು, ತೀರ್ಪು ಕೊಡುವ ಹಾಗಿಲ್ಲ. ಎರಡು ಉತ್ತರವೂ ನಿಲ್ಲುವುದಾದರೆ ಪ್ರಶ್ನೆ ರದ್ದು, ಪಾಯಿಂಟ್ ವಾಪಸ್, ಅದೇ ತಂಡದಿಂದ ಶುರುಮಾಡಿ ಹೊಸ ಪ್ರಶ್ನೆ. ಫಲಿತಾಂಶ ಹೇಳಿದ ಮೇಲೆ ಯಾವುದನ್ನೂ ಕೆದಕುವಂತಿಲ್ಲ. ಕೊನೆಯದಕ್ಕೆ ಭಾಮೈದ ಒಪ್ಪಲು ಸ್ವಲ್ಪ ಹೊತ್ತು ಹಿಡಿಯಿತು. 'ಮೊದಲ' ಪ್ರಶ್ನೆಗಳಲ್ಲಿ ವರ್ಷ ಅಥವಾ ಯಾವ ಲೆಕ್ಕದಲ್ಲಿ ಮೊದಲು ಎಂಬುದು ಇರಲೇಬೇಕು ಎಂದು ಸೇರಿಸಿದ್ದು ಭಾವ.

ಎರಡು ವಾರದ ಮೇಲೆ ಅಕ್ಕ ಫೋನ್ ಮಾಡಿದ್ದರು. ಮನೆಗೆ ತಮ್ಮ ಬಂದು ಊಟ ಮಾಡಿ ಹೋದನಂತೆ. ಭಾವ ಪ್ರಶ್ನೆ ಕೇಳುವ ಪಂದ್ಯದಲ್ಲಿ ಭಾಮೈದನ ತಂಡ ಆಡಬೇಕಾ ಬೇಡವಾ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಅದನ್ನು ಲೀಗ್‌ನವರೇ ನೋಡಿಕೊಳ್ಳಲಿ, ನೀವು ಮಧ್ಯೆ ಹೋಗಬೇಡಿ ಎಂದಿದ್ದೇನೆ.