ಸ್ಕ್ಯಾನ್ ಚೊಲೋ ಇತ್ತು, ಸಿಟ್ಟು ಮಾತ್ರ ಹೊಸದು

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಗಂಡ ಹೆಂಡತಿ ಇಬ್ಬರೂ ಬರೆಯಲು ಒಪ್ಪಿದ್ದಾರೆ.)

ಶಿರಸಿ ಸೀಮೆಯ ಹಳ್ಳಿಯೊಂದರಿಂದ ಸಲಹೆಗೆಂದು ನನ್ನ ಬಳಿ ಬಂದ ಆಕೆ ಹೇಳಿಕೊಂಡದ್ದು ಗಂಡನ ಸಿಟ್ಟಿನ ಬಗ್ಗೆ. "ಅವ್ರು ಹಿಂಗೆ ಇರ್ಲಿಲ್ಲ ಮೇಡಂ. ಮಿಕ್ಸರ್ ಹಾಕಿದ್ರೆ ಕೂಗ್ತಾರೆ, ಮಕ್ಳು ನಕ್ಕರೂ ಕೂಗ್ತಾರೆ. ಮಟಮಟ ಮಧ್ಯಾಹ್ನ ಬಾಗ್ಲು ಹಾಕ್ಕಂಡು ಕತ್ತಲಲ್ಲಿ ಮಲಗ್ತಾರೆ." ಕದ್ದು ಕುಡಿಯುತ್ತಿರಬಹುದು ಎಂದು ಆಕೆಯ ಅನುಮಾನ. ನಡೆಯುವಾಗ ಒಮ್ಮೊಮ್ಮೆ ತೂರಾಡುತ್ತಾನೆ, ಆದರೆ ವಾಸನೆ ಇಲ್ಲ.

ಗಂಡ ಕೊನೆಗೌಡ, ಎಂದರೆ ಅಡಿಕೆ ಮರ ಹತ್ತಿ ಕೊನೆ (ಗೊನೆ) ಕೊಯ್ಯುವವನು. ಕೊಯ್ಲಿನ ಕಾಲ, ತೋಟದವರಿಂದ ಮುಂಗಡ ಬೇರೆ ತೆಗೆದುಕೊಂಡಾಗಿದೆ. ಮನೆಯಲ್ಲಿ ಇಷ್ಟೆಲ್ಲ ಆಗುತ್ತಿದ್ದರೂ ನೋವಿನ ಮಾತ್ರೆ ನುಂಗಿ ದಿನಾ ಮರ ಹತ್ತುತ್ತಿದ್ದ.

ಸ್ವಭಾವ ಇದ್ದಕ್ಕಿದ್ದಂತೆ ಬದಲಾಯಿತು ಎಂದು ಯಾರೇ ಬಂದರೂ ನಾನು ಮೊದಲು ಕೇಳುವುದು, ಎಲ್ಲಾದರೂ ಬಿದ್ದಿದ್ದರಾ, ತಲೆಗೆ ಏನಾದರೂ ತಾಗಿತ್ತಾ ಎಂದು. ಆಕೆ ಸ್ವಲ್ಪ ಯೋಚಿಸಿ, "ದೇವಿಮನೆ ಘಟ್ಟದಲ್ಲಿ ಬೈಕ್ ಜಾರಿತ್ತು. ಆದ್ರೆ ಹೆಲ್ಮೆಟ್ ಇತ್ತು, ಸ್ಕ್ಯಾನ್ ಚೊಲೋ ಬಂತು" ಎಂದರು. ಅಂದು ಹಿಂದೆ ಕೂತಿದ್ದವನು ಆಕೆಯ ತಮ್ಮ. ಫೋನ್ ಮಾಡಿಸಿ ಅವನನ್ನೂ ಕೇಳಿದೆ. ಭಾವನಿಗೆ ಪ್ರಜ್ಞೆ ತಪ್ಪಲಿಲ್ಲ, ತಾನೇ ಎದ್ದು ಬೈಕ್ ನಿಲ್ಲಿಸಿದ, ಆದರೆ ಹೆಗಲಲ್ಲೇ ಇದ್ದ ಚೀಲವನ್ನು "ಎಲ್ಲಿ, ಎಲ್ಲಿ" ಎಂದು ಮತ್ತೆ ಮತ್ತೆ ಕೇಳುತ್ತಿದ್ದನಂತೆ. ಆಗ ಎಲ್ಲರೂ ನಕ್ಕಿದ್ದರು.

ನಗುವ ವಿಷಯ ಅದಾಗಿರಲಿಲ್ಲ. ಪೆಟ್ಟು ಬಿದ್ದು ಮಿದುಳು ಅಲುಗಿ ಅದರ ಕೆಲಸ ತಾತ್ಕಾಲಿಕವಾಗಿ ಏರುಪೇರಾಗುವುದನ್ನು ವೈದ್ಯರು ಕನ್ಕಷನ್ ಎನ್ನುತ್ತಾರೆ. ಪ್ರಜ್ಞೆ ತಪ್ಪಲೇಬೇಕೆಂದಿಲ್ಲ, ಹೆಚ್ಚಿನವರಿಗೆ ತಪ್ಪುವುದೇ ಇಲ್ಲ. ಹೆಲ್ಮೆಟ್ ತಲೆಬುರುಡೆಯನ್ನು ಕಾಯುತ್ತದೆ, ಜೀವವನ್ನೂ ಉಳಿಸುತ್ತದೆ, ಆದರೆ ಒಳಗೆ ಮಿದುಳು ಅಲುಗುವುದನ್ನು ಪೂರ್ತಿ ತಡೆಯಲಾರದು. ಸಿ.ಟಿ. ಸ್ಕ್ಯಾನಿನಲ್ಲಿ ಕಾಣುವುದು ರಕ್ತಸ್ರಾವ, ಮೂಳೆಯ ಬಿರುಕು. ಅವೆರಡೂ ಇಲ್ಲ ಎಂದು ಗೊತ್ತಾಗುವುದು ದೊಡ್ಡ ಸಮಾಧಾನವೇ, ಆದರೆ ಅದರಿಂದ ಕನ್ಕಷನ್ ಇಲ್ಲ ಎಂದಾಗುವುದಿಲ್ಲ. ತಲೆನೋವು, ತಲೆಸುತ್ತು, ಬೆಳಕು ಸದ್ದು ಸಹಿಸಲಾಗದಿರುವುದು, ಮಂಕು, ಮರೆವು, ನಿದ್ದೆಯ ಏರುಪೇರು, ಕಾರಣವಿಲ್ಲದ ಸಿಟ್ಟು ಅಥವಾ ಅಳು ಇದರ ಲಕ್ಷಣಗಳು. ಮನೆಯವರ ಕಣ್ಣಿಗೆ ಬೀಳುವುದು ಹೆಚ್ಚಾಗಿ ಸಿಟ್ಟೊಂದೇ.

ಮರುದಿನ ಆತನೂ ಬಂದ. ಕಿಟಕಿಗೆ ಬೆನ್ನು ಮಾಡಿ ಕೂತ. ಡಿಸೆಂಬರಿನಿಂದ ಹಿಂದಕ್ಕೆ ತಿಂಗಳುಗಳನ್ನು ಹೇಳಿ ಎಂದೆ. ಸೆಪ್ಟೆಂಬರ್ ತನಕ ಸಲೀಸಾಗಿ ಬಂದ, ಆಮೇಲೆ "ಜುಲೈ" ಎಂದು, ತಡೆದು, ಬೆರಳು ಮಡಚಿ ನೋಡಿ, ಮತ್ತೆ ಡಿಸೆಂಬರಿನಿಂದ ಶುರು ಮಾಡಿದ. ಹಣೆಯಲ್ಲಿ ಬೆವರು. "ಕೊನೆ ಲೆಕ್ಕಾನೂ ತಪ್ತಿದೆ. ತೋಟದವ್ರ ಎದುರು ಮರ್ಯಾದೆ ಹೋಯ್ತು" ಎಂದ. ಹೆಂಡತಿಗೆ ಈ ಸಂಗತಿ ಗೊತ್ತೇ ಇರಲಿಲ್ಲ. ಇದು ಪತ್ತೆಹಚ್ಚುವ ಪರೀಕ್ಷೆಯಲ್ಲ, ಆ ಅಧಿಕಾರ ನನಗಿಲ್ಲ. ವೈದ್ಯರಿಗೆ ಚೀಟಿ ಬರೆದು ಅಂದೇ ಕಳಿಸಿದೆ. ಪರೀಕ್ಷಿಸಿದ ಅವರು ಕನ್ಕಷನ್ ಎಂದೇ ಹೇಳಿದರು. ಮರ, ಬೈಕ್, ಮದ್ಯ ಮೂರನ್ನೂ ನಿಲ್ಲಿಸಿದರು. ತಲೆನೋವು ಅಡಗಿಸಿಕೊಂಡು ಕೆಲಸಕ್ಕೆ ಹೋಗಲು ಮಾತ್ರೆ ನುಂಗಕೂಡದು ಎಂದೂ ತಾಕೀತು ಮಾಡಿದರು.

ಮರ ಬಿಡಿಸುವುದೇ ಕಷ್ಟವಾಯಿತು. ಕೊನೆಗೌಡರ ಕೆಲಸ ನೋಡಿದವರಿಗೆ ಗೊತ್ತು: ಅವರು ಪ್ರತಿ ಮರಕ್ಕೂ ಇಳಿದು ಹತ್ತುವುದಿಲ್ಲ, ತುದಿಯಲ್ಲೇ ಮರವನ್ನು ತೂಗಿಸಿ ಪಕ್ಕದ ಮರ ಹಿಡಿದು ದಾಟುತ್ತಾರೆ. ಅಲ್ಲಿ ಅರೆಕ್ಷಣ ತಲೆ ಸುತ್ತಿದರೆ ಮುಗಿಯಿತು. ಮೊದಲ ಪೆಟ್ಟಿನಿಂದ ಮಿದುಳು ಸುಧಾರಿಸಿಕೊಳ್ಳುವ ಮೊದಲೇ ಎರಡನೆಯದು ಬಿದ್ದರೆ ಚೇತರಿಕೆ ತಿಂಗಳುಗಟ್ಟಲೆ ಎಳೆಯಬಹುದು. ಅಪರೂಪಕ್ಕೆ, ಮುಖ್ಯವಾಗಿ ಎಳೆಯರಲ್ಲಿ, ಮಿದುಳು ಊದಿಕೊಂಡು ಪ್ರಾಣಕ್ಕೇ ಬರುತ್ತದೆ.

ಆತನಿಗೆ ಕ್ರಿಕೆಟ್ ಹುಚ್ಚು. 2020ರ ಡಿಸೆಂಬರಿನಲ್ಲಿ ಕ್ಯಾನ್‌ಬೆರಾ ಟಿ20ಯಲ್ಲಿ ರವೀಂದ್ರ ಜಡೇಜಾ ಹೆಲ್ಮೆಟ್‌ಗೆ ಚೆಂಡು ಬಡಿದದ್ದನ್ನು ನೆನಪಿಸಿದೆ. ಆತನಿಗೆ ಎಲ್ಲ ನೆನಪಿತ್ತು. ಜಡೇಜಾ ಆಟ ಮುಂದುವರಿಸಿದ್ದರು, ತಲೆಸುತ್ತು ಗೊತ್ತಾದದ್ದು ಡ್ರೆಸಿಂಗ್ ರೂಮಿಗೆ ಹೋದ ಮೇಲೆ. ಅವರ ಬದಲು ಚಾಹಲ್ ಬೌಲಿಂಗ್ ಮಾಡಿ ಮೂರು ವಿಕೆಟ್ ತೆಗೆದರು. "ಅಂಥವ್ರೇ ಕೂತ್ಕಂಡ್ರು ಅಂದ್ರೆ..." ಎಂದು ಆತ ಸುಮ್ಮನಾದ. ನನ್ನ ಉಪದೇಶಕ್ಕಿಂತ ಇದು ನಾಟಿತು.

ಹಾಗೆಂದು ವಾರಗಟ್ಟಲೆ ಕತ್ತಲ ಕೋಣೆಯಲ್ಲಿ ಮಲಗಿಸುವುದೂ ಸರಿಯಲ್ಲ. ಪೆಟ್ಟಾದ ಮೇಲೆ ಒಂದೆರಡು ದಿನ ವಿಶ್ರಾಂತಿ, ಮೊಬೈಲ್ ಆದಷ್ಟು ಕಡಿಮೆ, ಆಮೇಲೆ ನಿಧಾನ ನಡಿಗೆ. ಕ್ರೀಡಾಪಟುಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ಮೈದಾನಕ್ಕೆ ಮರಳುವ ಕ್ರಮ ಇದೆ, ಪ್ರತಿ ಮೆಟ್ಟಿಲಿಗೂ ಕನಿಷ್ಠ 24 ಗಂಟೆ. ವೈದ್ಯರೊಂದಿಗೆ ಮಾತಾಡಿ ಅದನ್ನೇ ತೋಟಕ್ಕೆ ಹೊಂದಿಸಿದೆವು. ಮೊದಲು ಅಂಗಳದಲ್ಲಿ ನಡಿಗೆ. ಆಮೇಲೆ ತೋಟದ ತನಕ. ಅನಂತರ ಹಗುರ ಹೊರೆ, ಮತ್ತೆ ಭಾರದ ಹೊರೆ, ಬಗ್ಗಿ ಮಾಡುವ ಕೆಲಸ. ಲಕ್ಷಣ ತುಸು ಏರಿ ಒಂದು ಗಂಟೆಯೊಳಗೆ ಇಳಿದರೆ ಚಿಂತೆಯಿಲ್ಲ. ಜಾಸ್ತಿಯಾದರೆ ಅಂದಿಗೆ ನಿಲ್ಲಿಸಿ ಮರುದಿನ ಹಿಂದಿನ ಮೆಟ್ಟಿಲು. ಎಲ್ಲ ಲಕ್ಷಣ ಹೋಗಿ ವೈದ್ಯರು ಸರಿ ಎಂದ ಮೇಲಷ್ಟೇ ಮರ.

ತೋಟದವರು ಒಳ್ಳೆಯವರು. ಹಾಗಾದರೆ ಕೆಳಗೆ ಕೂತು ಕೊನೆ ಎಣಿಸಿ ಬರೆಯಲಿ ಎಂದರು. ಅದನ್ನು ನಾನೇ ಬೇಡವೆಂದೆ. ಹೊರೆ ಹೊತ್ತಾಗ ಬಾರದ ತಲೆನೋವು ಆತನಿಗೆ ಲೆಕ್ಕ ಬರೆಯಲು ಕೂತ ಹತ್ತು ನಿಮಿಷಕ್ಕೆ ಬರುತ್ತಿತ್ತು. ಎಣಿಸುವುದೂ ಓದುವುದೂ ಮಿದುಳಿಗೆ ದುಡಿಮೆಯೇ. ಶಾಲೆಯ ಮಕ್ಕಳಿಗೆ ಪೆಟ್ಟಾದಾಗಲೂ ಅಷ್ಟೇ: ಮೊದಲು ಪಾಠಕ್ಕೆ ಪೂರ್ತಿ ಮರಳಬೇಕು, ಕಬಡ್ಡಿ ವಾಲಿಬಾಲ್ ಆಮೇಲೆ.

ಹೆಂಡತಿಗೆ ಬೇರೆಯಾಗಿ ಹೇಳಿದ್ದು ಎರಡು. ಸಂಜೆ ಹೊತ್ತು ವಾದ ಬೇಡ, ದಣಿದ ಮಿದುಳಿಗೆ ಆಗ ತಾಳ್ಮೆ ಕಡಿಮೆ. ಆದರೆ ಕೈ ಎತ್ತಿದರೆ ಅದಕ್ಕೆ ಪೆಟ್ಟಿನ ನೆಪ ಇಲ್ಲ, ಮಕ್ಕಳನ್ನು ಕರೆದುಕೊಂಡು ಹೊರಬಂದು ನನಗೆ ಫೋನ್ ಮಾಡಿ. ಆತನ ಎದುರಿಗೂ ಇದನ್ನೇ ಹೇಳಿದೆ. ತಲೆ ತಗ್ಗಿಸಿ ಕೇಳಿದ.

ತಲೆಗೆ ಪೆಟ್ಟು ಬಿದ್ದವರು ಮತ್ತೆ ಮತ್ತೆ ವಾಂತಿ ಮಾಡಿದರೆ, ತಲೆನೋವು ಏರುತ್ತಲೇ ಹೋದರೆ, ಫಿಟ್ಸ್ ಬಂದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಒಂದು ಕಣ್ಣಿನ ಪಾಪೆ ದೊಡ್ಡದಾದರೆ, ಮೂಗು ಕಿವಿಯಿಂದ ನೀರು ಅಥವಾ ರಕ್ತ ಬಂದರೆ, ಎಬ್ಬಿಸಿದರೂ ಏಳದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಫೋನ್ ಮಾಡಿ. ನಮ್ಮ ಕಡೆಯಿಂದ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗುವ ದಾರಿಯೇ ಗಂಟೆಗಟ್ಟಲೆ. ನಿದ್ದೆ ಮಾಡಲೇ ಬಿಡಬಾರದು ಎಂಬ ನಂಬಿಕೆ ನಮ್ಮಲ್ಲಿದೆ. ವೈದ್ಯರು ನೋಡಿ ಮನೆಗೆ ಕಳಿಸಿದ್ದರೆ ಮಲಗಲಿ, ನಿದ್ದೆ ಒಳ್ಳೆಯದೇ. ಮೊದಲ ರಾತ್ರಿ ಜೊತೆಗೆ ಒಬ್ಬರು ಇದ್ದರಾಯಿತು.

ದೊಡ್ಡವರಲ್ಲಿ ಹೆಚ್ಚಿನವರು ಎರಡು ವಾರದಲ್ಲಿ ಸುಧಾರಿಸುತ್ತಾರೆ, ಮಕ್ಕಳಿಗೆ ನಾಲ್ಕು ವಾರ ಹಿಡಿಯಬಹುದು. ಈತ ಮೊದಲ ದಿನಗಳನ್ನು ಮರದ ಮೇಲೆ ಕಳೆದದ್ದರಿಂದಲೋ ಏನೋ, ಚೇತರಿಕೆ ತಡವಾಯಿತು. ಕೊಯ್ಲಿನ ಕೊನೆಗೆ ವೈದ್ಯರು ಒಪ್ಪಿದರು. ಈಗ ಗಿಡ್ಡ ಮರಗಳನ್ನು ಹತ್ತುತ್ತಾನೆ, ಕೆಳಗೆ ಇನ್ನೊಬ್ಬ ನಿಂತಿರುತ್ತಾನೆ. ಮರದಿಂದ ಮರಕ್ಕೆ ದಾಟುವುದು ಇನ್ನೂ ಶುರುವಾಗಿಲ್ಲ. ಮುಂಗಡದ ಉಳಿಕೆಯನ್ನು ಮುಂದಿನ ಕೊಯ್ಲಿಗೆ ಹಾಕಿಕೊಳ್ಳಲು ತೋಟದವರು ಒಪ್ಪಿದ್ದಾರೆ.