ಹೊರಗೊಲ್ಲದ ಮನೆ, ಸುಳ್ಯದ ರಬ್ಬರ್ ತೋಟ

ಓದುಗರ ಪತ್ರ:
"ದಕ್ಷಿಣ ಏಷ್ಯಾದ ಮಹಿಳಾ ನಾಯಕಿಯರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆಯುತ್ತ, ಶ್ರೀಲಂಕಾದ ಸಿರಿಮಾವೊ ಬಂಡಾರನಾಯಕೆ ಜಗತ್ತಿನ ಮೊದಲ ಮಹಿಳಾ ಪ್ರಧಾನಿ ಎಂದು ಹೆಮ್ಮೆಯಿಂದ ಹೇಳಿದ್ದೀರಿ. ನಮ್ಮ ಮನೆಯಲ್ಲಿ ಆ ಹೆಸರು ಬಂದರೆ ತಾತ ಎದ್ದು ಹೊರಗೆ ಹೋಗುತ್ತಿದ್ದರು. ಅಲ್ಲಿನ ಹಟನ್ ಹತ್ತಿರದ ಟೀ ತೋಟದಲ್ಲಿ ಹುಟ್ಟಿದವರು, ಸುಳ್ಯದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುತ್ತಲೇ ತೀರಿಕೊಂಡರು. ಗಂಡ, ಹೆಂಡತಿ, ಮಗಳು ಒಂದೇ ಮನೆಯಿಂದ ದೇಶ ಆಳಿದ್ದು ಹೊಗಳುವ ಸಂಗತಿಯೆ? ಜನ ಯಾಕೆ ಮತ್ತೆ ಮತ್ತೆ ಅದೇ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ?"
— ಹೆಸರು ಹಾಕಬೇಡಿ ಎಂದ ಓದುಗರು, ಸುಳ್ಯ ತಾಲ್ಲೂಕು

ಸಂಪಾದಕರ ಉತ್ತರ:

ನಿಮ್ಮ ಪತ್ರ ಬಂದ ದಿನ ಆ ಪುಟ ತೆಗೆದು ಮತ್ತೆ ಓದಿದೆ. ಸಿರಿಮಾವೊ ಬಗ್ಗೆ ಅಲ್ಲಿದ್ದದ್ದು ಎರಡೂವರೆ ಸಾಲು. 1960ರ ಜುಲೈ, ಜಗತ್ತಿನಲ್ಲೇ ಮೊದಲು, ಅಷ್ಟೆ. ಬರೆದದ್ದು ಸುಳ್ಳಲ್ಲ. ಆದರೆ ಆ ಎರಡೂವರೆ ಸಾಲಿನಲ್ಲಿ ನಿಮ್ಮ ತಾತನಿಗೆ ಜಾಗ ಇರಲಿಲ್ಲ. ಹಾಗಾಗಿ ಈ ಉತ್ತರ ಉದ್ದವಾದರೆ ಸಹಿಸಿಕೊಳ್ಳಿ.

ಮೊದಲು ಆ ಮನೆಯ ವಿಚಾರ. ಕೊಲಂಬೊದಿಂದ ಕ್ಯಾಂಡಿ ಕಡೆ ಹೋಗುವ ದಾರಿಯಲ್ಲಿ ಹೊರಗೊಲ್ಲ ಎಂಬಲ್ಲಿ ಬಂಡಾರನಾಯಕೆಯವರ ಬಂಗಲೆ. ಯಜಮಾನರಾದ ಸರ್ ಸೊಲೊಮನ್ ಬ್ರಿಟಿಷರ ಕಾಲದ ಮಹಾ ಮುದಲಿಯಾರ್, ಗವರ್ನರ್‌ಗೂ ಸ್ಥಳೀಯರಿಗೂ ನಡುವಿನ ದೊಡ್ಡ ಕೊಂಡಿ. 1899ರಲ್ಲಿ ಹುಟ್ಟಿದ ಮಗನಿಗೆ ಆಗಿನ ಗವರ್ನರ್ ವೆಸ್ಟ್ ರಿಜ್ವೇ ಹೆಸರನ್ನೇ ಸೇರಿಸಿದರು: ಸೊಲೊಮನ್ ವೆಸ್ಟ್ ರಿಜ್ವೇ ಡಯಾಸ್ ಬಂಡಾರನಾಯಕೆ. ಮನೆಮಾತು ಇಂಗ್ಲಿಷ್, ಮತ ಆಂಗ್ಲಿಕನ್, ಓದು ಆಕ್ಸ್‌ಫರ್ಡ್. ಊರಿಗೆ ಮರಳಿದ ಮೇಲೆ ಬೌದ್ಧನಾಗಿ, ಸಿಂಹಳವನ್ನು ಕಲಿತು ಭಾಷಣ ಮಾಡಿದ ಈ ಮನುಷ್ಯನೇ, ಸಿರಿಮಾವೊ ಅವರ ಗಂಡ, 1956ರಲ್ಲಿ ಪ್ರಧಾನಿಯಾಗಿ ಆಡಳಿತಕ್ಕೆ 'ಸಿಂಹಳ ಒಂದೇ' ಎಂಬ ಕಾನೂನು ತಂದದ್ದು. ತಡವಾಗಿ ಕಲಿತವರಿಗೇ ಭಾಷೆಯ ಆವೇಶ ಹೆಚ್ಚು ಎಂದು ನನಗೆ ಅನ್ನಿಸುವುದುಂಟು. ಅದು ಇರಲಿ.

ಆವೇಶದ ಬೆಲೆಯನ್ನು ಅವರು ಬೇಗನೆ ತೆತ್ತರು. ತಮಿಳು ನಾಯಕ ಚೆಲ್ವನಾಯಗಂ ಜೊತೆ ತಮಿಳು ಪ್ರದೇಶಗಳಿಗೆ ಒಂದಿಷ್ಟು ಅಧಿಕಾರ ಬಿಟ್ಟುಕೊಡಲು 1957ರಲ್ಲಿ ಮಾಡಿಕೊಂಡ ಒಪ್ಪಂದವನ್ನು ಮರುವರ್ಷ ಭಿಕ್ಷುಗಳು ಅವರ ಕೊಲಂಬೊ ಮನೆಯ ಮುಂದೆ ಕೂತು ಕೈಬಿಡಿಸಿದರು. 1959ರ ಸೆಪ್ಟೆಂಬರ್ 25ರಂದು ಅದೇ ಮನೆಯ ವರಾಂಡದಲ್ಲಿ ಸೋಮರಾಮ ಎಂಬ ಭಿಕ್ಷು ಗುಂಡು ಹಾರಿಸಿದ. ಮರುದಿನ ಪ್ರಧಾನಿ ತೀರಿಕೊಂಡರು.

ಜನ ಯಾಕೆ ಅದೇ ಮನೆಗೆ ಹೋಗುತ್ತಾರೆ ಎಂದು ಕೇಳಿದ್ದೀರಲ್ಲ, ಮುಂದಿನ ಹತ್ತು ತಿಂಗಳು ನೋಡಿ. ಅವರು 1951ರಲ್ಲಿ ಕಟ್ಟಿದ ಶ್ರೀಲಂಕಾ ಫ್ರೀಡಂ ಪಾರ್ಟಿಯಲ್ಲಿ ಸಚಿವರು ಒಬ್ಬರನ್ನೊಬ್ಬರು ನಂಬದ ಸ್ಥಿತಿ. ಅವರ ನಂತರ ಪ್ರಧಾನಿಯಾದ ದಹನಾಯಕೆ ಪಕ್ಷವನ್ನೇ ಬಿಟ್ಟರು. 1960ರ ಮಾರ್ಚ್ ಚುನಾವಣೆಯಲ್ಲಿ ಸೋಲು. ಆಗ ಪಕ್ಷದವರು ಹೋಗಿ ನಿಂತದ್ದು ಕೊಲಂಬೊದ ರೋಸ್‌ಮೀಡ್ ಪ್ಲೇಸ್‌ನ ಆ ಮನೆಯ ಬಾಗಿಲಲ್ಲಿ. ಮೂರು ಮಕ್ಕಳ ತಾಯಿ, ಕ್ಯಾಂಡಿ ಸೀಮೆಯ ರತ್ವತ್ತೆ ಮನೆತನದ ಹೆಣ್ಣುಮಗಳು ಸಿರಿಮಾವೊ ಸಭೆಗಳಲ್ಲಿ ಗಂಡನ ಭಾಷಣದ ಟೇಪು ಹಾಕಿಸಿದರು. ವಿರೋಧಿಗಳು 'ಅಳುವ ವಿಧವೆ' ಎಂದು ಆಡಿಕೊಂಡರು. ಜುಲೈ ಚುನಾವಣೆ ಗೆದ್ದ ಪಕ್ಷ, ಸ್ವತಃ ಸ್ಪರ್ಧಿಸದಿದ್ದ ಅವರನ್ನು ಮೇಲ್ಮನೆಯಾದ ಸೆನೆಟ್‌ಗೆ ತಂದು ಪ್ರಧಾನಿ ಮಾಡಿತು.

ಮೊದಲು ಹೋದದ್ದು ಜನವಲ್ಲ, ಪಕ್ಷ. ತನ್ನೊಳಗಿನ ಜಗಳ ತೀರಿಸಲು ಬೇರೆ ದಾರಿ ಕಟ್ಟಿಕೊಳ್ಳದ ಪಕ್ಷಕ್ಕೆ ಸತ್ತವನ ಮನೆಯೇ ನ್ಯಾಯಕಟ್ಟೆ. ಅಲ್ಲಿ ಕೂತವರ ಮಾತಿಗೆ ಯಾರೂ ಎದುರಾಡುವುದಿಲ್ಲ, ಏಕೆಂದರೆ ಎದುರಾಡಿದರೆ ಹುತಾತ್ಮನಿಗೆ ಎದುರಾಡಿದಂತೆ. ಎದುರಾಳಿ ಪಕ್ಷವಾದ ಯುನೈಟೆಡ್ ನ್ಯಾಷನಲ್ ಪಾರ್ಟಿಯೇನೂ (ಯುಎನ್‌ಪಿ) ಬೇರೆ ಅಲ್ಲ. ಅದರ ಪ್ರಧಾನಿ ಡಿ.ಎಸ್. ಸೇನಾನಾಯಕೆ 1952ರಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡಾಗ ಮಗ ಡಡ್ಲಿ, ಅವರ ನಂತರ ಬಂಧುವೇ ಆದ ಸರ್ ಜಾನ್ ಕೊತಲಾವಲ. ಕೊಲಂಬೊದಲ್ಲಿ ಯುಎನ್‌ಪಿ ಎಂದರೆ 'ಅಂಕಲ್ ನೆಫ್ಯೂ ಪಾರ್ಟಿ' ಎಂಬ ನಗೆಮಾತು ಹಳೆಯದು. ಅದೇ ಪಕ್ಷದ ಮುಂದಿನ ನಾಯಕರಾದ ಜಯವರ್ಧನೆ ಮತ್ತು ರನಿಲ್ ವಿಕ್ರಮಸಿಂಘೆಯವರನ್ನೂ ಅಲ್ಲಿ ಅಂಕಲ್–ನೆಫ್ಯೂ ಎನ್ನುತ್ತಾರೆ. ಜಯವರ್ಧನೆ ರನಿಲ್ ತಾಯಿಗೆ ಸೋದರತ್ತೆಯ ಮಗ. ನಮ್ಮ ಲೆಕ್ಕದಲ್ಲಿ ಸೋದರಮಾವ ಆಗುವುದಿಲ್ಲ, ಚಿಕ್ಕಪ್ಪ–ದೊಡ್ಡಪ್ಪನ ವರಸೆ. ಇಂಗ್ಲಿಷಿನ ಅಂಕಲ್ ಎಲ್ಲವನ್ನೂ ನುಂಗಿ ಕೂತಿದೆ.

ಈಗ ನಿಮ್ಮ ತಾತನ ವಿಷಯ. ಸಿರಿಮಾವೊ ಮೇಲೆ ಸಿಟ್ಟು ನ್ಯಾಯವೇ. ಆದರೆ ಅದನ್ನು ಅವರೊಬ್ಬರ ಲೆಕ್ಕಕ್ಕೆ ಬರೆದರೆ ಉಳಿದವರು ಸುಮ್ಮನೆ ಬಚಾವಾಗುತ್ತಾರೆ. ತೋಟದ ತಮಿಳರ, ಅಂದರೆ ಬ್ರಿಟಿಷರ ಕಾಲದಲ್ಲಿ ಭಾರತದಿಂದ ಟೀ ತೋಟಗಳ ಕೂಲಿಗೆ ಹೋದವರ ಮತ್ತು ಅವರ ಮಕ್ಕಳ, ಪೌರತ್ವಕ್ಕೆ ಕೊಡಲಿ ಬಿದ್ದದ್ದು 1948ರ ಕಾನೂನಿನಿಂದ. ಆಗ ಪ್ರಧಾನಿ ಸೇನಾನಾಯಕೆ, ಆ ಸಂಪುಟದಲ್ಲಿ ಆರೋಗ್ಯ ಮತ್ತು ಸ್ಥಳೀಯಾಡಳಿತ ಸಚಿವರು ಬಂಡಾರನಾಯಕೆ. ಉಳಿದ ವಿಷಯಗಳಲ್ಲಿ ಹಾವು–ಮುಂಗುಸಿಯಾದ ಎರಡು ಮನೆಗಳು ಇದರಲ್ಲಿ ಒಂದಾಗಿದ್ದವು. ಹದಿನಾರು ವರ್ಷದ ನಂತರ, 1964ರ ಅಕ್ಟೋಬರ್ 30ರಂದು, ಸಿರಿಮಾವೊ ಮತ್ತು ಲಾಲ್ ಬಹಾದ್ದೂರ್ ಶಾಸ್ತ್ರಿ ದೆಹಲಿಯಲ್ಲಿ ಸಹಿ ಹಾಕಿದರು. ಒಟ್ಟು 9,75,000 ಜನ. ಅದರಲ್ಲಿ 5,25,000 ಭಾರತಕ್ಕೆ, 3,00,000 ಸಿಲೋನಿಗೆ (ಶ್ರೀಲಂಕಾದ ಆಗಿನ ಹೆಸರು), ಮಿಕ್ಕ 1,50,000 ಆಮೇಲೆ ನೋಡೋಣ ಎಂದು. ಆ ಮಿಕ್ಕವರನ್ನು 1974ರಲ್ಲಿ ಸಿರಿಮಾವೊ ಮತ್ತು ಇಂದಿರಾ ಗಾಂಧಿ ಅರ್ಧರ್ಧ ಹಂಚಿಕೊಂಡರು, ತಲಾ 75,000. ಒಬ್ಬರು ಪ್ರಧಾನಿಯ ಹೆಂಡತಿ, ಇನ್ನೊಬ್ಬರು ಪ್ರಧಾನಿಯ ಮಗಳು. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ ಕೊಟ್ಟಿಗೆಯ ದನ ಎಣಿಸಿದ ಹಾಗೆ ಎಂದರೆ ಒರಟು ಮಾತಾದೀತು, ಆದರೆ ನನಗೆ ಬೇರೆ ಹೋಲಿಕೆ ಹೊಳೆಯುತ್ತಿಲ್ಲ.

ತಲೈಮನ್ನಾರ್‌ನಿಂದ ರಾಮೇಶ್ವರಕ್ಕೆ ಹಡಗು, ಅಲ್ಲಿಂದ ಮಂಡಪಂ ಶಿಬಿರ. ಬಹುಪಾಲು ಜನ ತಮಿಳುನಾಡಿನಲ್ಲಿ ನೆಲೆಸಿದರು. ಒಂದಷ್ಟು ಕುಟುಂಬಗಳಿಗೆ ಸುಳ್ಯ, ಪುತ್ತೂರಿನ ಕಡೆ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು. ಟೀ ಚಿಗುರು ಕೀಳುತ್ತಿದ್ದ ಕೈಗೆ ಟ್ಯಾಪಿಂಗ್ ಚಾಕು ಬಂತು. ಈ ಭಾಗ ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಮಗಳ ಮಾತಿಗೆ ಬರೋಣ. 1977ರಲ್ಲಿ ಎಂಟೇ ಸ್ಥಾನಕ್ಕೆ ಇಳಿದ ಪಕ್ಷ, 1980ರಲ್ಲಿ ಏಳು ವರ್ಷಕ್ಕೆ ನಾಗರಿಕ ಹಕ್ಕು ಕಳೆದುಕೊಂಡ ತಾಯಿ, ಉತ್ತರಾಧಿಕಾರಕ್ಕಾಗಿ ಮಗ ಅನುರ ಮತ್ತು ಮಗಳು ಚಂದ್ರಿಕಾ ನಡುವೆ ಮುಸುಕಿನ ಗುದ್ದಾಟ. ಒಮ್ಮೆ ಚಂದ್ರಿಕಾ ಗಂಡನೊಂದಿಗೆ ಬೇರೆ ಪಕ್ಷ ಕಟ್ಟಿದರು. 1993ರಲ್ಲಿ ಅನುರ ಅಪ್ಪನ ಶತ್ರುಪಕ್ಷವಾದ ಯುಎನ್‌ಪಿಗೇ ಹೋಗಿಬಿಟ್ಟರು. ಚಂದ್ರಿಕಾ 1994ರ ನವೆಂಬರ್‌ನಲ್ಲಿ ಶೇ. 62ರಷ್ಟು ಮತ ಪಡೆದು ಅಧ್ಯಕ್ಷೆಯಾಗಿ ತಾಯಿಯನ್ನು ಪ್ರಧಾನಿ ಮಾಡಿದರು. ತಂದೆಯನ್ನೂ ಗಂಡ ವಿಜಯ ಕುಮಾರತುಂಗ ಅವರನ್ನೂ ಗುಂಡಿಗೆ ಕಳೆದುಕೊಂಡಿದ್ದರು. 1999ರ ಬಾಂಬ್ ದಾಳಿಯಲ್ಲಿ ಒಂದು ಕಣ್ಣು ಹೋಯಿತು. ಇಷ್ಟಾದರೂ ಅವರು ಕೈ ಹಾಕಿದ್ದು ಅಪ್ಪ ಬಿಗಿದ ಗಂಟಿಗೆ. ತಮಿಳು ಪ್ರದೇಶಗಳಿಗೆ ಅಧಿಕಾರ ಹಂಚುವ ಹೊಸ ಸಂವಿಧಾನವನ್ನು 2000ದ ಆಗಸ್ಟ್‌ನಲ್ಲಿ ಸದನಕ್ಕೆ ತಂದಾಗ ಯುಎನ್‌ಪಿಯವರು ಪ್ರತಿಗಳನ್ನು ಅಲ್ಲೇ ಸುಟ್ಟರು. ಗಂಟು ಬಿಚ್ಚಲಿಲ್ಲ. ಮನೆತನದ ಆಸ್ತಿಯ ಬಗ್ಗೆ ಎಲ್ಲರೂ ಬರೆಯುತ್ತಾರೆ, ನನಗೆ ಹೆಚ್ಚು ಕುತೂಹಲ ಅದರ ಸಾಲದ್ದು. ಆದರೆ ಆ ಸಾಲದ ಬಡ್ಡಿಯನ್ನು ಹೆಚ್ಚಾಗಿ ಕಟ್ಟಿದವರು ಮನೆಯ ಹೊರಗಿನವರು.

ಅದೇ ವರ್ಷದ ಅಕ್ಟೋಬರ್ 10, ಸಂಸತ್ ಚುನಾವಣೆಯ ಮತದಾನದ ದಿನ. ಸಿರಿಮಾವೊ ಮತ ಹಾಕಿ ಹಿಂದಿರುಗುವಾಗ ಹೃದಯಾಘಾತದಿಂದ ತೀರಿಕೊಂಡರು.

ಬಂಡಾರನಾಯಕೆಯವರ ಮನೆ ಹಿಂದೆ ಸರಿದ ಮೇಲೆ ಮನೆತನಗಳ ಕಾಲ ಮುಗಿಯಿತೆ? 1951ರಲ್ಲಿ ಬಂಡಾರನಾಯಕೆ ಆಡಳಿತ ಸಾಲು ಬಿಟ್ಟು ಎದುರು ಸಾಲಿಗೆ ದಾಟಿದಾಗ ಅವರ ಹಿಂದೆ ನಡೆದವರಲ್ಲಿ ಹಂಬನ್‌ತೋಟದ ಡಿ.ಎ. ರಾಜಪಕ್ಸ ಒಬ್ಬರು. ಆ ಮನೆಯವರು ಹೆಗಲಿಗೆ ಹಾಕುವ ಕಂದು ಶಾಲು ಕುರಕ್ಕನ್ ಬೆಳೆಯ ಬಣ್ಣ. ಕುರಕ್ಕನ್ ಎಂದರೆ ನಮ್ಮ ರಾಗಿ. ರಾಗಿ ಬೆಳೆಯುವ ಬಡವರ ಪರ ಎಂಬ ಗುರುತಾಗಿ ಶುರುವಾದ ಶಾಲು, ಅವರ ಮಗ, ಅಧ್ಯಕ್ಷರಾದ ಮಹಿಂದ ಕಾಲಕ್ಕೆ ಒಡಹುಟ್ಟಿದವರ ಯೂನಿಫಾರ್ಮ್ ಆಯಿತು. 2022ರ ಜುಲೈನಲ್ಲಿ ಮಹಿಂದರ ತಮ್ಮ, ಆಗಿನ ಅಧ್ಯಕ್ಷ ಗೋಟಾಬಯ ದೇಶ ಬಿಟ್ಟು ಓಡಿದರು. 2024ರಲ್ಲಿ ಮಹಿಂದರ ಮಗ ನಾಮಲ್ ಅಧ್ಯಕ್ಷ ಸ್ಥಾನಕ್ಕೆ ನಿಂತು ಶೇ. 3ರಷ್ಟು ಮತವನ್ನೂ ಮುಟ್ಟಲಿಲ್ಲ. ಅಂದರೆ ಜನ ಆ ಬಾಗಿಲು ದಾಟಿ ಮುಂದೆ ಹೋಗುವುದೂ ಉಂಟು. ಆದರೆ ಆ ಚುನಾವಣೆಯಲ್ಲಿ ಎರಡನೆಯವರಾಗಿ ಬಂದದ್ದು ಸಜಿತ್ ಪ್ರೇಮದಾಸ. ಮನೆತನದ ಬಲವಿಲ್ಲದೆ, ಕೊಲಂಬೊದ ಬಡ ಬೀದಿಯಿಂದ ಮೇಲೆ ಬಂದು 1993ರಲ್ಲಿ ಬಾಂಬಿಗೆ ಬಲಿಯಾದ ಅಧ್ಯಕ್ಷ ಪ್ರೇಮದಾಸರ ಮಗ!

ಇನ್ನೊಂದು ಸಂಗತಿ ಹೇಳಲೇಬೇಕು. 2003ರ ಅಕ್ಟೋಬರ್‌ನಲ್ಲಿ ಶ್ರೀಲಂಕಾ ಸಂಸತ್ತು ಅಲ್ಲೇ ಉಳಿದಿದ್ದ ತೋಟದ ತಮಿಳರಿಗೆ ಪೌರತ್ವ ಕೊಡುವ ಕಾನೂನು ಮಾಡಿತು. 1964ರಿಂದ ಅಲ್ಲೇ ವಾಸವಿದ್ದವರಿಗೆ ಮತ್ತು ಅವರ ಸಂತತಿಗೆ. ಅಧ್ಯಕ್ಷೆ ಚಂದ್ರಿಕಾ, ಪ್ರಧಾನಿ ರನಿಲ್. ಅಪ್ಪ ಸಚಿವರಾಗಿದ್ದಾಗ ಕಿತ್ತುಕೊಂಡದ್ದು, ಅಮ್ಮ ಎಣಿಸಿ ಹಂಚಿದ್ದು, ಮಗಳ ಕಾಲದಲ್ಲಿ ವಾಪಸು ಬಂತು. ಐವತ್ತೈದು ವರ್ಷ ಹಿಡಿಯಿತು. ನಿಮ್ಮ ತಾತ ಅಷ್ಟರಲ್ಲಿ ಸುಳ್ಯದವರಾಗಿದ್ದರು.

ಕೊನೆಗೆ ಒಂದು ತಪ್ಪೊಪ್ಪಿಗೆ. ಅದೇ ಸಂಚಿಕೆಯ ಬೇರೊಂದು ಪುಟದಲ್ಲಿ ನಿಮ್ಮ ಕಡೆಯ ಕುಟುಂಬಗಳನ್ನು 'ಲಂಕಾದಿಂದ ವಲಸೆ ಬಂದವರು' ಎಂದು ಬರೆದಿದ್ದೆವು. ವಲಸೆ ಎಂದರೆ ತಾವಾಗಿ ಬಂದರು ಎಂದಾಗುತ್ತದೆ. 'ಕಳುಹಿಸಲ್ಪಟ್ಟವರು' ಎಂದು ಓದಿಕೊಳ್ಳಬೇಕೆಂದು ಎಲ್ಲ ಓದುಗರಲ್ಲೂ ವಿನಂತಿ. ತಾತ ಬರುವಾಗ ತಂದ ಪಾಸ್‌ಪೋರ್ಟ್ ಇನ್ನೂ ಪೆಟ್ಟಿಗೆಯಲ್ಲಿದ್ದರೆ ಒಂದು ನೆರಳಚ್ಚು ಕಳಿಸಿ. ಹುಟ್ಟಿದ ಊರು ಎಂಬಲ್ಲಿ ಏನು ಬರೆದಿದ್ದಾರೋ ನೋಡಬೇಕೆನಿಸಿದೆ.